ತಂತಿ ಮಾತು: ಬ್ಯಾಂಜೋ ಜಾಝ್ ಜೊತೆ ಕೂರುತ್ತಾ?

ಹೋದ ಸಂಚಿಕೆಯಲ್ಲಿ ಬ್ಯಾಂಜೋ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ನಂಗೆ ತುಂಬಾ ಇಷ್ಟದ ವಿಷ್ಯ, ಅದಕ್ಕೇ ಬೇರೆ ವಾದ್ಯಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಇವತ್ತು ಪೂರ್ತಿ ಬ್ಯಾಂಜೋನೇ ಮಾತಾಡೋಣ.

ಪ್ರಶ್ನೆ: ಎರಡು ವರ್ಷದಿಂದ ಐದು ತಂತಿ ಬ್ಯಾಂಜೋ ನುಡಿಸ್ತಿದೀನಿ, ಬ್ಲೂಗ್ರಾಸ್ (ಅಮೆರಿಕಾದ ತಂತಿವಾದ್ಯಗಳ ಜನಪದ ಶೈಲಿ) ರೋಲ್ಸ್, ಅಂದ್ರೆ ಬೆರಳುಗಳು ಒಂದೇ ಕ್ರಮದಲ್ಲಿ ಸುತ್ತಿ ಸುತ್ತಿ ಮೀಟೋದು, ಒಳ್ಳೆ ಸ್ಪೀಡಲ್ಲಿ ಬರುತ್ತೆ. ಆದ್ರೆ ಫ್ರೆಂಡ್ಸ್ ಜೊತೆ ಜಾಝ್ ಫ್ಯೂಷನ್ ನುಡಿಸೋಕೆ ಕೂತ್ರೆ ನಾನು ಏನ್ ನುಡಿಸಿದ್ರೂ ಪಾಟರ್‌ಪಾಟರ್ ಅಂತ ಒಂದೇ ತರ ಕೇಳುತ್ತೆ, ಯಾವುದಕ್ಕೂ ಹೊಂದಲ್ಲ. ಕೀಬೋರ್ಡ್ ನುಡಿಸೋನು "ಗಿಟಾರ್ ಕಲ್ತ್ಕೊ" ಅಂದುಬಿಟ್ಟ. ಬ್ಯಾಂಜೋ ಬಿಟ್ಬಿಡ್ಲಾ?

ಉತ್ತರ: ಬಿಡಬೇಡಿ. ನಿಮ್ಮ ಫ್ರೆಂಡ್ ಕಿವಿಗೆ ಕೇಳ್ತಿರೋ ತೊಂದ್ರೆ ನಿಜಾನೇ, ಆದ್ರೆ ಅದಕ್ಕೆ ಗಿಟಾರ್ ಪರಿಹಾರ ಅಲ್ಲ.

ಮೊದ್ಲು ವಾದ್ಯದ ಗುಣ ನೋಡಿ. ಬ್ಯಾಂಜೋದಲ್ಲಿ ತಂತಿಗಳನ್ನ ಹೊರೋ ಬ್ರಿಡ್ಜ್ ಕೂರೋದು ಮರದ ಮೇಲಲ್ಲ, ಬಿಗಿಯಾಗಿ ಎಳೆದ ಹೆಡ್ ಅನ್ನೋ ತೆಳು ಹೊದಿಕೆ ಮೇಲೆ, ಒಂಥರಾ ಚಿಕ್ಕ ಡ್ರಮ್ ಮೇಲೆ ತಂತಿ ಕಟ್ಟಿದ ಹಾಗೆ. ತಂತಿ ಮೀಟಿದ ತಕ್ಷಣ ಸದ್ದು ಚಟ್ ಅಂತ ಎದ್ದು ಅಷ್ಟೇ ಬೇಗ ಇಳಿದುಹೋಗುತ್ತೆ, ಸ್ಯಾಕ್ಸೋಫೋನ್ ತರ ಒಂದು ಸ್ವರ ಹಿಡಿದು ನಿಲ್ಲೋಕೆ ಆಗಲ್ಲ. ಆ ಖಾಲಿ ಜಾಗ ತುಂಬೋಕೇ ಬ್ಲೂಗ್ರಾಸ್‌ನಲ್ಲಿ ಮೂರು ಬೆರಳಿನ ರೋಲ್ ನಿಲ್ಲದೆ ಓಡ್ತಾ ಇರೋದು. ಆ ಸಂಗೀತದಲ್ಲಿ ಡ್ರಮ್ಸ್ ಇರೋದಿಲ್ಲ ಹೆಚ್ಚಾಗಿ, ಹಾಗಾಗಿ ಆ ಓಟ ಬೇಕೇ ಬೇಕು. ಫ್ಯೂಷನ್ ಬ್ಯಾಂಡಲ್ಲಿ ಹಾಗಲ್ಲ, ಡ್ರಮ್ಮರ್‌ನ ಹೈಹ್ಯಾಟ್ (ಜೋಡಿ ತಾಳದ ತಟ್ಟೆ) ಆಗಲೇ ಅದೇ ಜಾಗದಲ್ಲಿ ಟಿಕ್‌ಟಿಕ್ ಅಂತಿರುತ್ತೆ, ಕೀಬೋರ್ಡ್ ಕಾರ್ಡ್ಸ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹರಡ್ಕೊಂಡಿರುತ್ತೆ, ಅದರ ಮೇಲೆ ನೀವೂ ಎಂಟಕ್ಕೆ ಎಂಟು ಸ್ವರ ತುಂಬಿದ್ರೆ ಯಾರಿಗೂ ಉಸಿರಾಡೋಕೆ ಜಾಗ ಇರಲ್ಲ. ಮುಂದಿನ ಪ್ರಾಕ್ಟೀಸಲ್ಲಿ ಒಂದು ಹಾಡು ಪೂರ್ತಿ ಅರ್ಧಕ್ಕರ್ಧ ಸ್ವರ ಬಿಟ್ಟು ನುಡಿಸಿ ನೋಡಿ. ಕೈಗೆ ಕಷ್ಟ ಆಗುತ್ತೆ, ರೋಲ್ ಅಭ್ಯಾಸ ಆದ ಕೈ ಸುಮ್ನಿರಲ್ಲ, ನಂಗೂ ಇದು ಒಗ್ಗೋಕೆ ತಿಂಗಳುಗಟ್ಟಲೆ ಹಿಡೀತು.

ಎರಡನೇ ತೊಂದ್ರೆ ಕಾರ್ಡ್ಸ್‌ದು. ಐದು ತಂತಿ ಬ್ಯಾಂಜೋಗೆ ಸಾಮಾನ್ಯವಾಗಿ ಇಡೋ ಓಪನ್ ಜಿ ಟ್ಯೂನಿಂಗ್ ಅಂದ್ರೆ ಕೈ ಇಡದೇ ಇದ್ರೂ ಜಿ ಮೇಜರ್ ಕೇಳುತ್ತೆ, ಆ ಸಿಹಿ ಸದ್ದೇ ನಿಮ್ಮ ಫ್ರೆಂಡ್‌ಗೆ ಹೊಂದಲ್ಲ ಅನ್ನಿಸ್ತಿರೋದು. ಆದ್ರೆ ಇದೇ ಟ್ಯೂನಿಂಗಲ್ಲಿ ಜಾಝ್ ಕಾರ್ಡ್ಸ್ ಎಷ್ಟು ಹತ್ರದಲ್ಲಿ ಕೂತಿದಾವೆ ಅಂತ ತೋರಿಸ್ತೀನಿ, ಬ್ಯಾಂಜೋ ಕೈಗೆ ತಗೊಳ್ಳಿ. 4ನೇ ತಂತಿ 3ನೇ ಫ್ರೆಟ್, 3ನೇ ತಂತಿ 2ನೇ ಫ್ರೆಟ್, 2ನೇ ತಂತಿ 1ನೇ ಫ್ರೆಟ್, 1ನೇ ತಂತಿ 2ನೇ ಫ್ರೆಟ್. ಎಫ್, ಎ, ಸಿ, ಇ. ಬಾಸ್ ನುಡಿಸೋರು ಕೆಳಗೆ ಡಿ ಹಿಡಿದ್ರೆ ಇದು ಡಿ ಮೈನರ್ ನೈನ್ತ್. ಈಗ 2ನೇ ತಂತಿ ಮೇಲಿರೋ ತೋರುಬೆರಳು ಮಾತ್ರ ಎತ್ತಿ, ಬಾಸ್ ಜಿಗೆ ಹೋಗ್ಲಿ, ಜಿ ಥರ್ಟೀನ್ತ್ ಸಿಕ್ತು. ಆಮೇಲೆ 4ನೇ ತಂತಿ 2ನೇ ಫ್ರೆಟ್ ಒಂದು ಒತ್ತಿ, ಉಳಿದ ಮೂರೂ ಓಪನ್, ಬಾಸ್ ಸಿ ಹಿಡಿದ್ರೆ ಸಿ ಮೇಜರ್ ನೈನ್ತ್. ಜಾಝ್‌ನಲ್ಲಿ ಎಲ್ಲಿ ಹೋದ್ರೂ ಎದುರಾಗೋ ಟೂ-ಫೈವ್-ಒನ್ (ಸ್ಕೇಲ್‌ನ ಎರಡು, ಐದು, ಒಂದನೇ ಸ್ವರಗಳ ಮೇಲಿನ ಕಾರ್ಡ್ಸ್ ಸಾಲು) ಇದೇ, ಬೆರಳು ಎಷ್ಟು ಕಮ್ಮಿ ಅಲ್ಲಾಡ್ತು ನೋಡಿ. ಕಾರ್ಡ್‌ಗೆ ಹೆಸರು ಕೊಡೋ ರೂಟ್ ಸ್ವರ ನೀವು ಹಿಡಿಯೋ ಅಗತ್ಯನೇ ಇಲ್ಲ, ಅದು ಬಾಸ್‌ನವರ ಕೆಲ್ಸ, ನಿಮ್ಮ ಹತ್ರ ಇರೋ ನಾಲ್ಕು ತಂತಿನ ಬಣ್ಣ ಕೊಡೋ ಸ್ವರಗಳಿಗೆ ಇಟ್ಕೊಳ್ಳಿ.

ಇನ್ನು ಐದನೇ ತಂತಿ. ಐದನೇ ಫ್ರೆಟ್ಟಿಂದ ಶುರುವಾಗೋ ಆ ಗಿಡ್ಡ ತಂತಿ ಯಾವಾಗ್ಲೂ ಮೇಲಿನ ಜಿ ಹೊಡೀತಾ ಇರುತ್ತಲ್ಲ, ಜಾಝ್‌ಗೆ ಬಂದೋರು ತುಂಬಾ ಜನ ಅದನ್ನ ಮರೆತೇಬಿಡ್ತಾರೆ, ನನ್ನ ಪ್ರಕಾರ ಅದು ದೊಡ್ಡ ನಷ್ಟ. ತಂಬೂರಿ ಶ್ರುತಿ ಬದಲಾಗದೆ ನಿಂತಿದ್ರೂ ರಾಗ ಬದಲಾದಾಗ ಅದೇ ಶ್ರುತಿ ಬೇರೆ ತರ ಕೇಳಿಸಲ್ವಾ, ಹಾಗೇ ಇಲ್ಲೂ. ಎ ಮೈನರ್ ಮೇಲೆ ಆ ಜಿ ಸೆವೆನ್ತ್ (ರೂಟ್‌ನಿಂದ ಎಣಿಸಿದ್ರೆ ಏಳನೇ ಸ್ವರ) ಆಗುತ್ತೆ, ಎಫ್ ಮೇಜರ್ ಮೇಲೆ ನೈನ್ತ್, ಇ ಫ್ಲಾಟ್ ಮೇಜರ್ ಮೇಲೆ ಥರ್ಡ್, ಡಿ ಫ್ಲಾಟ್ ಮೇಜರ್ ಮೇಲೆ ಶಾರ್ಪ್ ಇಲೆವೆನ್ತ್ ಆಗಿ ಒಂಥರಾ ತೇಲೋ ಸದ್ದು ಕೊಡುತ್ತೆ. ಜಗಳ ಆಡೋ ಕಡೆನೂ ಇದೆ, ಡಿ ಸೆವೆನ್‌ನಲ್ಲಿ ಎಫ್ ಶಾರ್ಪ್‌ಗೂ ಇದಕ್ಕೂ ಅರ್ಧ ಸ್ವರ ಅಷ್ಟೇ ಅಂತರ, ಅಲ್ಲಿ ಹೆಬ್ಬೆರಳನ್ನ ತಡೀಬೇಕು. ಹನ್ನೆರಡೂ ಶ್ರುತಿಯಲ್ಲಿ ಕೂತು ಯಾವ ಕಾರ್ಡ್ ಮೇಲೆ ಆ ಜಿ ಏನಾಗುತ್ತೆ ಅಂತ ನೀವೇ ಕೇಳಿ ಬರ್ಕೊಳ್ಳಿ, ಗಿಟಾರ್‌ನವರಿಗೆ ಸಿಗದ ಒಂದು ಸೌಲಭ್ಯ ಅದು.

ಸೋಲೋಗೆ ಬಂದ್ರೆ ಬಲಗೈಗೆ ಮೂರು ದಾರಿ ಇದೆ, ಮೂರೂ ಬೇಕು. ಬ್ಲೂಗ್ರಾಸ್ ಬ್ಯಾಂಜೋದ ಅರ್ಲ್ ಸ್ಕ್ರಗ್ಸ್ ಅವರ ರೋಲ್ ನಿಮ್ಗೆ ಬರುತ್ತೆ. ಡಾನ್ ರೆನೋ ಬೆಳೆಸಿದ ಸಿಂಗಲ್ ಸ್ಟ್ರಿಂಗ್ ಶೈಲಿಯಲ್ಲಿ ಹೆಬ್ಬೆರಳು, ತೋರುಬೆರಳು ಒಂದೇ ತಂತಿ ಮೇಲೆ ಒಂದಾದ್ಮೇಲೊಂದು ಬೀಳುತ್ತೆ, ಪಿಕ್ ಮೇಲೆ ಕೆಳಗೆ ಆಡಿಸಿದ ಹಾಗೆ, ಸ್ಯಾಕ್ಸ್ ಲೈನ್‌ಗಳು ಕೇಳಿ ಕೇಳಿ ಕಲಿಯೋಕೆ ಇದೇ ಬೇಕು. 1960ರ ದಶಕದ ಶುರುವಲ್ಲಿ ಬಿಲ್ ಕೀತ್ ಅಂಥವರು ತಂದ ಮೆಲೋಡಿಕ್ ಶೈಲಿಯಲ್ಲಿ ಪಕ್ಕಪಕ್ಕದ ಸ್ವರಗಳು ಬೇರೆ ಬೇರೆ ತಂತಿಯಲ್ಲಿ ಬರುತ್ತೆ, ಒಂದು ಸ್ವರ ಇಳಿಯೋ ಮೊದ್ಲು ಇನ್ನೊಂದು ಎದ್ದು ಹಾರ್ಪ್ ತರ ಬೆರೆಯುತ್ತೆ, ವಾದ್ಯದ ಚಿಕ್ಕ ಆಯಸ್ಸಿಗೆ ಇದಕ್ಕಿಂತ ಚೆನ್ನಾಗಿರೋ ಮದ್ದು ನಾನು ನೋಡಿಲ್ಲ. ಒಂದೇ ಸೋಲೋದಲ್ಲಿ ಸಿಂಗಲ್ ಸ್ಟ್ರಿಂಗಲ್ಲಿ ಶುರು ಮಾಡಿ, ಮೆಲೋಡಿಕ್‌ಗೆ ಜಾರಿ, ಬಿಸಿ ಏರಿದಾಗ ಮಾತ್ರ ರೋಲ್ ಬಿಡಿ, ಆಗ ಅದೇ ರೋಲ್ ಕೇಳಿ ನಿಮ್ಮ ಬ್ಯಾಂಡ್ ತಲೆ ಎತ್ತುತ್ತೆ.

ಬ್ಯಾಂಜೋನ ಜಾಝ್‌ಗೆ ತಂದ ಅಮೆರಿಕಾದ ವಾದಕ ಬೇಲಾ ಫ್ಲೆಕ್ ಅವರ ಹೆಸರು ಹೇಳದೆ ಈ ಉತ್ತರ ಮುಗಿಯಲ್ಲ. 1979ರಲ್ಲಿ ತಮ್ಮ ಮೊದಲ ಸೋಲೋ ಆಲ್ಬಮ್‌ನಲ್ಲೇ ಜಾಝ್ ಪಿಯಾನೋ ವಾದಕ ಚಿಕ್ ಕೊರಿಯಾ ಅವರ ಒಂದು ಜಾಝ್ ರಚನೆನ ಬ್ಯಾಂಜೋದಲ್ಲಿ ನುಡಿಸಿದ್ರು, 2007ರಲ್ಲಿ ಅದೇ ಚಿಕ್ ಕೊರಿಯಾ ಪಿಯಾನೋ ಪಕ್ಕದಲ್ಲಿ ಕೂತು ಇಬ್ರೇ ಪೂರ್ತಿ ಆಲ್ಬಮ್ ಮಾಡಿದ್ರು. ಮಧ್ಯದಲ್ಲಿ 1988ರಲ್ಲಿ ಕಟ್ಟಿದ್ದು ಫ್ಲೆಕ್‌ಟೋನ್ಸ್ ಅನ್ನೋ ಬ್ಯಾಂಡ್. ಆ ಬ್ಯಾಂಡಲ್ಲಿ ಬಾಸ್‌ಗೆ ವಿಕ್ಟರ್ ವೂಟನ್, ಹಾರ್ಮೋನಿಕಾ ಮತ್ತೆ ಪಿಯಾನೋಗೆ ಹೊವಾರ್ಡ್ ಲೀವಿ, ತಾಳಕ್ಕೆ ಗಿಟಾರ್ ಆಕಾರದ ಎಲೆಕ್ಟ್ರಾನಿಕ್ ವಾದ್ಯ ಹಿಡಿದ ರಾಯ್ ವೂಟನ್. ಗಮನಿಸಿ, ಗಿಟಾರ್ ಇಲ್ಲ. ಬ್ಯಾಂಜೋಗೆ ಜಾಗ ಹೇಗೆ ಸಿಕ್ತು ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಬ್ಯಾಂಜೋ ಅಂದ್ರೆ ಬ್ಲೂಗ್ರಾಸ್. ಅದನ್ನ ತಗೊಂಡು ಜಾಝ್, ತಬಲಾ ಅಂತ ಎಲ್ಲಾದ್ರ ಜೊತೆ ಕಲಸೋದ್ರಿಂದ ಮೂಲ ಸಂಪ್ರದಾಯ ಹಾಳಾಗಲ್ವಾ?

ಉತ್ತರ: ಮೂಲ ಅಂತ ಎಲ್ಲಿಗೆ ಹೋಗ್ತೀರಿ ಹೇಳಿ. ಈ ವಾದ್ಯದ ಬೇರು ಪಶ್ಚಿಮ ಆಫ್ರಿಕಾದ್ದು, ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಜೊತೆ ಕೆರಿಬಿಯನ್, ಅಮೆರಿಕಾಕ್ಕೆ ಬಂತು. ಗ್ಯಾಂಬಿಯಾ, ಸೆನೆಗಲ್ ಕಡೆಯ ಜೋಲಾ ಜನರ ಅಕೊಂಟಿಂಗ್ ನೋಡಿದ್ರೆ ಸೋರೆಬುರುಡೆ, ಮೇಲೆ ಚರ್ಮ, ಮೂರು ತಂತಿ, ಅದ್ರಲ್ಲೊಂದು ಹೆಬ್ಬೆರಳಿಗಂತ ಗಿಡ್ಡ ತಂತಿ, ನಮ್ಮ ಐದನೇ ತಂತಿಯ ಅಜ್ಜಿನ ನೋಡಿದ ಹಾಗಾಗುತ್ತೆ. ಇನ್ನು ಜಾಝ್ ಹೊಸಬ ಅಂತೀರಾ? ಜಾಝ್ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ಬ್ಯಾಂಡ್ 1925ರಲ್ಲಿ ಶಿಕಾಗೋದಲ್ಲಿ ಮೊದ್ಲು ರೆಕಾರ್ಡ್ ಮಾಡಿದಾಗ ಜಾನಿ ಸೇಂಟ್ ಸಿರ್ ಬ್ಯಾಂಜೋ ಹಿಡಿದು ಕೂತಿದ್ರು. ಅರ್ಲ್ ಸ್ಕ್ರಗ್ಸ್ ಬ್ಲೂಗ್ರಾಸ್‌ನ ಬಿಲ್ ಮನ್ರೋ ಅವರ ಬ್ಯಾಂಡ್ ಸೇರಿದ್ದು 1945ರ ಡಿಸೆಂಬರಲ್ಲಿ, ಅಂದ್ರೆ ನಾವು ಇವತ್ತು ಬ್ಲೂಗ್ರಾಸ್ ಬ್ಯಾಂಜೋ ಅನ್ನೋ ಸದ್ದು ಜನಕ್ಕೆ ಕೇಳಿಸೋ ಇಪ್ಪತ್ತು ವರ್ಷ ಮೊದ್ಲೇ ಬ್ಯಾಂಜೋ ಜಾಝ್ ಬ್ಯಾಂಡಲ್ಲಿ ಇತ್ತು. ಮೈಕ್ ಬಂದು, ಆಮೇಲೆ ಎಲೆಕ್ಟ್ರಿಕ್ ಗಿಟಾರ್ ಬಂದು, ಜೋರು ಸದ್ದಿನ ವಾದ್ಯದ ಅಗತ್ಯ ಕಮ್ಮಿ ಆದಾಗ ಅದು ಅಲ್ಲಿಂದ ಹೊರಗೆ ಬಿತ್ತು. ಬ್ಲೂಗ್ರಾಸ್‌ನ ನಾನು ಪ್ರಾಣದಷ್ಟು ಪ್ರೀತಿಸ್ತೀನಿ, ಆದ್ರೆ ಬ್ಯಾಂಜೋ ಜಾಝ್‌ಗೆ ಹೋಗೋದನ್ನ ಕಲಬೆರಕೆ ಅನ್ನೋಕೆ ಮನಸ್ಸು ಬರಲ್ಲ, ತನ್ನ ಹಳೇ ಮನೆಗೆ ತಾನು ಹೋಗಿಬಂದ ಹಾಗೆ ಅದು.

ಪ್ರಶ್ನೆ: ನಮ್ಮ ಅಜ್ಜನ ಹತ್ರ ಟೈಪ್‌ರೈಟರ್ ತರ ಕೀ ಇರೋ ಬ್ಯಾಂಜೋ ಇತ್ತು. ನೀವು ಹೇಳ್ತಿರೋದು ಅದೇನಾ?

ಉತ್ತರ: ಅಲ್ಲ. ಅದು ಬುಲ್‌ಬುಲ್ ತರಂಗ್, ಜಪಾನಿನ ತೈಶೋಗೋತೋ ಅನ್ನೋ ವಾದ್ಯದಿಂದ ಬಂದದ್ದು, ಹೆಸರು ಮಾತ್ರ ಬ್ಯಾಂಜೋ ಅಂತ ಅಂಟ್ಕೊಂಡಿದೆ. ಅಜ್ಜನದ್ದು ಇನ್ನೂ ಇದ್ರೆ ತಂತಿ ಬದಲಾಯಿಸಿ ನುಡಿಸಿ ದಯವಿಟ್ಟು, ಅದೂ ಒಳ್ಳೆ ವಾದ್ಯನೇ.

ಪ್ರಶ್ನೆ: ಜಾಝ್‌ಗೆ ನಾಲ್ಕು ತಂತಿದು ತಗೊಳ್ಳೋದಾ ಐದು ತಂತಿದಾ?

ಉತ್ತರ: 1920ರ ದಶಕದ ಜಾಝ್ ಇಷ್ಟ ಅಂದ್ರೆ ನಾಲ್ಕು ತಂತಿಯ ಟೆನರ್, ಸಿ-ಜಿ-ಡಿ-ಎ ಟ್ಯೂನಿಂಗ್, ಪಿಕ್ ಹಿಡಿದು ಕಾರ್ಡ್ಸ್ ಕಡಿಯೋಕೆ ಅದಕ್ಕೆ ಸಮ ಯಾವುದೂ ಇಲ್ಲ. ಫ್ಯೂಷನ್, ಬೇರೆ ಬೇರೆ ಶೈಲಿ ಬೆರೆಸೋ ಆಸೆ ಅಂದ್ರೆ ಐದು ತಂತಿ. ಎರಡೂ ತಗೋಬೇಡಿ ಒಟ್ಟಿಗೆ, ಟ್ಯೂನಿಂಗ್ ಬೇರೆ, ಬಲಗೈ ಪೂರ್ತಿ ಬೇರೆ, ಮೊದಲನೇ ವರ್ಷ ಎರಡೂ ಅರ್ಧಂಬರ್ಧ ಆಗುತ್ತೆ.

ಪ್ರಶ್ನೆ: ನಾನು ಮೃದಂಗ ಕಲ್ತವಳು, ಈಗ ಬ್ಯಾಂಜೋ ಹಿಡ್ಕೊಂಡಿದೀನಿ. ಏಳು, ಐದರ ಲೆಕ್ಕಗಳನ್ನ ಬ್ಯಾಂಜೋದಲ್ಲಿ ತರಬಹುದಾ? ಗಮಕ ಮಾತ್ರ ಎಷ್ಟು ಪ್ರಯತ್ನ ಪಟ್ರೂ ಬರ್ತಿಲ್ಲ.

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ತುಂಬಾ ಖುಷಿ ಆಯ್ತು, ಯಾಕಂದ್ರೆ ನೀವು ಆಗಲೇ ಅರ್ಧ ದಾರಿ ಬಂದಿದೀರಿ. ಬ್ಲೂಗ್ರಾಸ್‌ನ ಫಾರ್ವರ್ಡ್ ರೋಲ್ ತಗೊಳ್ಳಿ, ಹೆಬ್ಬೆರಳು-ತೋರು-ನಡು, ಹೆಬ್ಬೆರಳು-ತೋರು-ನಡು, ಹೆಬ್ಬೆರಳು-ನಡು. ಬಾಯಲ್ಲಿ ಹೇಳ್ಕೊಳ್ಳಿ: ತಕಿಟ ತಕಿಟ ತಕ. ಮೂರು, ಮೂರು, ಎರಡು, ಒಟ್ಟು ಎಂಟು. ಹೆಬ್ಬೆರಳು ಬಿದ್ದ ಕಡೆ ಘಾತ. ಈಗ ಏಳು ಬೇಕಂದ್ರೆ ಹೆಬ್ಬೆರಳು-ತೋರು-ನಡು, ಆಮೇಲೆ ಹೆಬ್ಬೆರಳು-ತೋರು-ಹೆಬ್ಬೆರಳು-ನಡು: ತಕಿಟ ತಕಧಿಮಿ. ಕೊನೇ ಬೆರಳು ನಡುಬೆರಳಾಗಿರೋದ್ರಿಂದ ಮತ್ತೆ ಹೆಬ್ಬೆರಳಿಂದ ಶುರು ಮಾಡೋಕೆ ಸಲೀಸು, ಎಷ್ಟು ಆವರ್ತ ಬೇಕಾದ್ರೂ ಓಡ್ಸಬಹುದು. ಐದಕ್ಕೆ ತಕ ತಕಿಟ, ಬೆರಳು ನೀವೇ ಜೋಡಿಸ್ಕೊಳ್ಳಿ. ಎಷ್ಟೋ ಜನ ಫ್ಯೂಷನ್ ಕಲಿಯೋರು ಏಳನ್ನ ಒಂದು ಎರಡು ಮೂರು ಅಂತ ಎಣಿಸ್ತಾ ಒದ್ದಾಡ್ತಾರೆ, ನಿಮ್ಗೆ ಅದು ನಾಲಿಗೆ ಮೇಲೇ ಇದೆ.

ಗಮಕ ವಿಷ್ಯದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ವೀಣೆಯ ಗಮಕನ ಬ್ಯಾಂಜೋ ಮೇಲೆ ಹೇರಬೇಡಿ. ತಂತಿ ಎಳೆದು ಸ್ವರ ಏರಿಸೋ ಅಷ್ಟರಲ್ಲಿ ಸದ್ದೇ ಇಳಿದುಹೋಗಿರುತ್ತೆ. ಚಿಕ್ಕ ಜಾರು, ಹ್ಯಾಮರ್ ಆನ್ (ಎಡಗೈ ಬೆರಳು ತಂತಿ ಮೇಲೆ ಬಡಿದು ಸ್ವರ ಏರಿಸೋದು), ಪುಲ್ ಆಫ್ (ಬೆರಳು ಕಿತ್ತು ಇಳಿಸೋದು) ಇಷ್ಟು ಚೆನ್ನಾಗಿ ಬರುತ್ತೆ, ಜಾಸ್ತಿ ಜಾರು ಬೇಕೇ ಬೇಕಂದ್ರೆ ಫ್ರೆಟ್ ಇಲ್ಲದ ಬ್ಯಾಂಜೋಗಳೂ ಇವೆ. ಫ್ಲೆಕ್ ಅವರು ಜಾಕಿರ್ ಹುಸೇನ್, ಕೊಳಲಿನ ರಾಕೇಶ್ ಚೌರಾಸಿಯಾ, ಬಾಸ್‌ನ ಎಡ್ಗರ್ ಮೆಯರ್ ಜೊತೆ 2023ರಲ್ಲಿ ತಂದ ಆಲ್ಬಮ್ ಕೇಳಿ, ಅದಕ್ಕೆ ಮಾರನೇ ವರ್ಷ ಎರಡು ಗ್ರ್ಯಾಮಿ ಬಂತು. ಅಲ್ಲಿ ಉದ್ದ ಸ್ವರ ಹಿಡಿಯೋದು ಕೊಳಲು ಮತ್ತೆ ಕಮಾನು ಹಾಕಿದ ಬಾಸ್, ಬ್ಯಾಂಜೋ ಹೋಗಿ ತಬಲಾ ಪಕ್ಕ ನಿಲ್ಲುತ್ತೆ, ಸ್ವರ ಇರೋ ತಾಳವಾದ್ಯದ ತರ. ಜಾಕಿರ್ ಭಾಯ್ 2024ರ ಡಿಸೆಂಬರಲ್ಲಿ ಹೋಗ್ಬಿಟ್ರು, ಈಗ ಅದನ್ನ ಕೇಳಿದ್ರೆ ಗಂಟಲು ಕಟ್ಟುತ್ತೆ. ಮೃದಂಗದ ಕೈ ಇರೋ ನಿಮ್ಗೆ ಆ ಜಾಗ ಹೇಳಿ ಮಾಡಿಸಿದ್ದು.

ಪ್ರಶ್ನೆ: ಸ್ಟೇಜ್ ಮೇಲೆ ಡ್ರಮ್ಸ್ ಜೊತೆ ನುಡಿಸಿದ್ರೆ ಬ್ಯಾಂಜೋ ಕೇಳ್ಸಲ್ಲ, ವಾಲ್ಯೂಮ್ ಏರ್ಸಿದ್ರೆ ಕುಂಯ್ ಅಂತ ಫೀಡ್‌ಬ್ಯಾಕ್.

ಉತ್ತರ: ಹೆಡ್ ಇದೆಯಲ್ಲ, ಅದೇ ಸ್ಪೀಕರ್ ಸದ್ದಿಗೆ ಅದುರಿ ಮತ್ತೆ ಪಿಕಪ್‌ಗೆ ಕಳಿಸುತ್ತೆ, ಅದಕ್ಕೇ ಈ ಕಾಟ. ಹೆಡ್ ಹಿಂದೆ ಮೆತ್ತನೆ ಬಟ್ಟೆ ತುರುಕಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ. ಮಾನಿಟರ್ (ಸ್ಟೇಜ್ ಮೇಲೆ ನಿಮ್ಮ ಕಡೆ ಇರೋ ಸ್ಪೀಕರ್) ನಿಮ್ಮ ಹೆಡ್‌ಗೆ ನೇರ ಇರದ ಹಾಗೆ ತಿರುಗಿಸಿ. ಕಂಪ್ರೆಸರ್ (ಜೋರು-ಮೆಲು ಸದ್ದಿನ ಅಂತರ ಕಮ್ಮಿ ಮಾಡೋ ಸಾಧನ) ಹಾಕಿದ್ರೆ ಸ್ವರ ಸ್ವಲ್ಪ ಉದ್ದ ನಿಂತ ಹಾಗೆ ಕೇಳುತ್ತೆ, ಆದ್ರೆ ಜಾಸ್ತಿ ಆದ್ರೆ ಫೀಡ್‌ಬ್ಯಾಕ್ ವಾಪಸ್. ಜೋರು ಬ್ಯಾಂಡ್ ಅಂದ್ರೆ ಎಲೆಕ್ಟ್ರಿಕ್ ಬ್ಯಾಂಜೋನೇ ಸರಿ, ಫ್ಲೆಕ್ ಅವರೂ ಫ್ಲೆಕ್‌ಟೋನ್ಸ್‌ನಲ್ಲಿ ಅದನ್ನ ಬಳಸಿದ್ದಾರೆ. ಮತ್ತೆ ಡ್ರಮ್ಮರ್ ಹತ್ರ ಮಾತಾಡಿ, ನಿಮ್ಮ ಸೋಲೋ ಹೊತ್ತಲ್ಲಿ ಸ್ನೇರ್ ಮೇಲೆ ಬ್ರಷ್ ಹಿಡೀಲಿ, ಇದು ಯಾವ ಪೆಡಲ್‌ಗಿಂತ ಜಾಸ್ತಿ ಕೆಲ್ಸ ಮಾಡುತ್ತೆ.

ಪ್ರಶ್ನೆ: ನಂಗೆ ನುಡಿಸೋಕೆ ಬರಲ್ಲ, ಕೇಳೋಕೆ ಇಷ್ಟ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಹಾಟ್ ಫೈವ್‌ದು ಎರಡು ಮೂರು ಕೇಳಿ, ಬ್ಯಾಂಜೋ ಅಲ್ಲಿ ಬರೀ ಚಕ್ ಚಕ್ ಅಂತ ತಾಳ ಹಿಡೀತಿರುತ್ತೆ, ತುತ್ತೂರಿ ಹಿಂದೆ ಹುಡುಕಬೇಕು. ಆಮೇಲೆ ಸ್ಕ್ರಗ್ಸ್, ಅಲ್ಲಿ ಹುಡುಕೋದೇ ಬೇಡ. ಅದಾದ್ಮೇಲೆ 1990ರ ಫ್ಲೆಕ್‌ಟೋನ್ಸ್ ಮೊದಲ ಆಲ್ಬಮ್, ಕೊನೆಗೆ ಚಿಕ್ ಕೊರಿಯಾ ಜೊತೆಗಿನದ್ದು ರಾತ್ರಿ ಹೊತ್ತು ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಯಾಕಂದ್ರೆ ಪಿಯಾನೋ ಮತ್ತೆ ಬ್ಯಾಂಜೋ ಎರಡರದ್ದೂ ಚುರುಕು ಸದ್ದು, ಒಂದು ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಮೊದಲನೇ ಸಲಕ್ಕೆ ಗೊತ್ತಾಗೋದೇ ಇಲ್ಲ.