ಮನೆಗೂ ಬ್ಯಾಂಡಿಗೂ ಒಂದೇ ಆಂಪ್ ಸಾಕಾ?

ಪ್ರಶ್ನೆ: ಎರಡು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದೇನೆ. ಗಿಟಾರ್ ಜೊತೆ ಬಂದ 10 ವಾಟ್‌ನ ಪುಟ್ಟ ಆಂಪ್ (ಆಂಪ್ಲಿಫೈಯರ್) ಈಗ ಸಾಲುತ್ತಿಲ್ಲ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ಪ್ರಾಕ್ಟೀಸ್ ಮಾಡುವುದು ಮನೆಯಲ್ಲಿ, ಅದೂ ರಾತ್ರಿ ಹೊತ್ತು. ಮುಂದೆ ಡ್ರಮ್ಸ್ ನುಡಿಸುವ ಗೆಳೆಯನ ಜೊತೆ ಬ್ಯಾಂಡ್ ಕಟ್ಟುವ ಆಸೆ ಇದೆ. ಒಬ್ಬರು ‘ಟ್ಯೂಬ್ ಆಂಪನ್ನೇ ತಗೋ’ ಎನ್ನುತ್ತಾರೆ, ಇನ್ನೊಬ್ಬರು ‘100 ವಾಟ್ ಇಲ್ಲದಿದ್ದರೆ ದಂಡ’ ಎನ್ನುತ್ತಾರೆ. ಯಾರ ಮಾತು ಕೇಳಲಿ? ಅದೇ ಆಂಪ್‌ಗೆ ಅಕೌಸ್ಟಿಕ್ ಗಿಟಾರನ್ನೂ ಹಾಕಬಹುದಾ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನೀವು ದಿನವೂ ನುಡಿಸುವುದು ಎಷ್ಟು ಸದ್ದಿನಲ್ಲಿ? ರಾತ್ರಿ, ಮನೆಯಲ್ಲಿ ಅಂದಿದ್ದೀರಿ. ಆ ಸಣ್ಣ ಸದ್ದಿನಲ್ಲಿ ಚೆನ್ನಾಗಿ ಕೇಳುವ ಆಂಪ್ ನಿಮಗೆ ಮೊದಲು ಬೇಕು. ಬ್ಯಾಂಡ್ ವಿಚಾರ ಆಮೇಲಿನದು.

ವಾಟ್ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. 100 ವಾಟ್‌ನ ಆಂಪ್ 50 ವಾಟ್‌ನದ್ದಕ್ಕಿಂತ ಎರಡು ಪಟ್ಟು ಜೋರಾಗಿರುವುದಿಲ್ಲ. ವಾಟ್ ಎರಡು ಪಟ್ಟಾದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಅಂದರೆ 100 ವಾಟ್‌ಗೆ ಹೋದರೂ ನಿಮ್ಮ ಈಗಿನ 10 ವಾಟ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಜೋರು, ಅಷ್ಟೇ. ನಿಮ್ಮ ಆಂಪ್ ಗುಂಯ್‌ಗುಡುವುದಕ್ಕೆ ವಾಟ್‌ಗಿಂತ ಅದರ ಚಿಕ್ಕ ಸ್ಪೀಕರ್ ಮತ್ತು ಪುಟ್ಟ ಡಬ್ಬಿಯ ಮೇಲೇ ನನಗೆ ಅನುಮಾನ. ಅದೇ ಗಿಟಾರನ್ನು 12 ಇಂಚಿನ ಸ್ಪೀಕರ್ ಇರುವ ಆಂಪ್‌ಗೆ ಹಾಕಿ, ಮೆಲ್ಲಗೆ ಒಂದು ಇ ಕಾರ್ಡ್ ನುಡಿಸಿ ನೋಡಿ. ದಪ್ಪ ತಂತಿಗೆ ಒಂದು ತೂಕ ಬಂದಿರುತ್ತದೆ.

ಟ್ಯೂಬ್ ಆಂಪ್ (ಗಾಜಿನ ನಿರ್ವಾತ ಕೊಳವೆಗಳಿಂದ ಸದ್ದು ಹೆಚ್ಚಿಸುವಂಥದ್ದು) ಚೆಂದ, ಅದರಲ್ಲಿ ಎರಡು ಮಾತಿಲ್ಲ. ಜೋರಾಗಿ ಮೀಟಿದರೆ ಒರಟಾಗುತ್ತದೆ, ಮೆಲ್ಲಗೆ ಮುಟ್ಟಿದರೆ ತಿಳಿಯಾಗುತ್ತದೆ. ಆದರೆ ಹಳೇ ಮಾದರಿಯ ಟ್ಯೂಬ್ ಆಂಪ್‌ಗಳಲ್ಲಿ ಈ ಗುಣ ಹೊರಬರುವುದು ವಾಲ್ಯೂಮ್ ಏರಿಸಿದಾಗ. ಮಾಸ್ಟರ್ ವಾಲ್ಯೂಮ್ (ಒರಟುತನ ಉಳಿಸಿಕೊಂಡೇ ಒಟ್ಟು ಸದ್ದು ಇಳಿಸುವ ಗುಂಡಿ) ಇಲ್ಲದ 5 ವಾಟ್‌ನ ಟ್ಯೂಬ್ ಆಂಪ್ ಕೂಡ ಆ ಹಂತ ಮುಟ್ಟುವ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿರುತ್ತಾರೆ. ಜೊತೆಗೆ ಟ್ಯೂಬ್‌ಗಳು ಸವೆಯುತ್ತವೆ, ಆಗಾಗ ಬದಲಾಯಿಸಬೇಕು. ಸ್ಪೀಕರ್ ಜೋಡಿಸದೆ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹಾಗಂತ ಟ್ಯೂಬ್ ಇಲ್ಲದ್ದೆಲ್ಲ ಕಳಪೆ ಅಂತಲೂ ಅಲ್ಲ. 1975ರಲ್ಲಿ ಬಂದ ರೋಲೆಂಡ್ ಕಂಪನಿಯ ಜೆಸಿ-120 ಆಂಪ್‌ನಲ್ಲಿ ಒಂದೂ ಟ್ಯೂಬ್ ಇಲ್ಲ. ಕ್ಲೀನ್ ಸೌಂಡ್ (ಒರಟಿಲ್ಲದ ತಿಳಿ ಸದ್ದು) ಅಂದರೆ ಇವತ್ತಿಗೂ ಅದರ ಹೆಸರು ಬರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ 12 ಇಂಚಿನ ಸ್ಪೀಕರ್ ಇರುವ, 40–50 ವಾಟ್‌ನ ಮಾಡೆಲಿಂಗ್ ಆಂಪ್ (ಬೇರೆಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವಂಥದ್ದು) ತಗೊಳ್ಳುತ್ತಿದ್ದೆ. ಹೆಡ್‌ಫೋನ್ ಜಾಕ್ ಇರಲೇಬೇಕು. ಪವರ್ ಇಳಿಸುವ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಉದಾಹರಣೆಗೆ ಬಾಸ್ ಕಂಪನಿಯ ಕಟಾನಾ 50ರಲ್ಲಿ ಅರ್ಧ ವಾಟ್, 25, 50 ಅಂತ ಬದಲಿಸಿಕೊಳ್ಳಬಹುದು. ರಾತ್ರಿ ಅರ್ಧ ವಾಟ್‌ನಲ್ಲಿಡಿ, ಗೆಳೆಯ ಡ್ರಮ್ಸ್ ಮುಂದೆ ಕೂತ ದಿನ 50ಕ್ಕೆ ತಿರುಗಿಸಿ. ಸಣ್ಣ ಜಾಗದ ಬ್ಯಾಂಡ್‌ಗೆ ಅಷ್ಟು ಸಾಕು. ದೊಡ್ಡ ಸ್ಟೇಜ್ ಆದರೆ ಹೇಗೂ ಆಂಪ್ ಮುಂದೆ ಮೈಕ್ ಇಡುತ್ತಾರೆ. ನೂರು ಬಗೆಯ ಎಫೆಕ್ಟ್ ಇದೆ ಅನ್ನುವುದಕ್ಕೆ ಮಾತ್ರ ಮರುಳಾಗಬೇಡಿ. ಕೊನೆಗೆ ಬಳಸುವುದು ಮೂರೋ ನಾಲ್ಕೋ.

ಕೊಳ್ಳಲು ಹೋಗುವಾಗ ನಿಮ್ಮ ಗಿಟಾರನ್ನೇ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರ್‌ನಲ್ಲಿ ಯಾವ ಆಂಪ್ ಆದರೂ ಚೆನ್ನಾಗಿಯೇ ಕೇಳುತ್ತದೆ, ಅಲ್ವಾ? ರಿವರ್ಬ್ (ಸದ್ದಿಗೆ ಪ್ರತಿಧ್ವನಿ ಸೇರಿಸುವ ಎಫೆಕ್ಟ್) ಪೂರ್ತಿ ಇಳಿಸಿ, ಯಾಕಂದರೆ ಅದು ಎಲ್ಲ ಹುಳುಕನ್ನೂ ಮುಚ್ಚಿಬಿಡುತ್ತದೆ. ಬಾಸ್, ಮಿಡ್, ಟ್ರೆಬಲ್ ಮೂರನ್ನೂ ನಡುವಿಗೆ ತಿರುಗಿಸಿ. ವಾಲ್ಯೂಮ್ ಮನೆಯಲ್ಲಿ ಇಡುವಷ್ಟೇ ಇರಲಿ. ಡಿಸ್ಟಾರ್ಷನ್ ಹಾಕಿ ನುಡಿಸುತ್ತಾ ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು ನಿಧಾನಕ್ಕೆ ಇಳಿಸಿ. ಒರಟುತನ ಹಂತಹಂತವಾಗಿ ತಿಳಿಯಾದರೆ ಒಳ್ಳೆಯ ಲಕ್ಷಣ. ಇದ್ದಕ್ಕಿದ್ದ ಹಾಗೆ ಸತ್ತ ಸದ್ದಾದರೆ ಮುಂದಿನ ಆಂಪ್ ನೋಡಿ. ಇನ್ನೊಂದು ವಿಷಯ: ಟ್ರೆಬಲ್, ಅಂದರೆ ತೀಕ್ಷ್ಣ ಸದ್ದು, ಸ್ಪೀಕರ್‌ನಿಂದ ನೇರ ಮುಂದಕ್ಕೆ ಬರುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ ಹೊಡೆಯುತ್ತಿರುತ್ತದೆ, ಕಿವಿಗಲ್ಲ. ಒಮ್ಮೆ ಕುಕ್ಕರುಗಾಲಲ್ಲಿ ಕೂತು ಕೇಳಿ. ನಿಂತಾಗ ಮೆತ್ತಗಿದ್ದದ್ದು ಎಷ್ಟು ಚುಚ್ಚುತ್ತದೆ ಅಂತ ಗೊತ್ತಾಗುತ್ತದೆ.

ಇನ್ನು ಅಕೌಸ್ಟಿಕ್. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇದ್ದರೆ ಹಾಕಬಹುದು, ಏನೂ ಹಾಳಾಗುವುದಿಲ್ಲ. ಆದರೆ ಎಲೆಕ್ಟ್ರಿಕ್ ಗಿಟಾರ್ ಸ್ಪೀಕರ್‌ಗಳು ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಬೇಗ ಕಡಿದುಬಿಡುತ್ತವೆ. ಡಿಸ್ಟಾರ್ಷನ್‌ಗೆ ಅದು ವರ. ಅಕೌಸ್ಟಿಕ್‌ನ ತಂತಿಯ ಮಿಂಚು ಮಾತ್ರ ಅಲ್ಲೇ ಹೋಗುತ್ತದೆ. ಕ್ಲೀನ್ ಚಾನೆಲ್‌ನಲ್ಲಿ ಗೇನ್ (ಒರಟುತನ ಹೆಚ್ಚಿಸುವ ಗುಂಡಿ) ಕಡಿಮೆ ಇಟ್ಟು ಸದ್ಯಕ್ಕೆ ಸುಧಾರಿಸಿ. ಅಕೌಸ್ಟಿಕ್ ನುಡಿಸುವುದೇ ಜಾಸ್ತಿಯಾದರೆ ಟ್ವೀಟರ್ (ತೀಕ್ಷ್ಣ ಸದ್ದಿಗೆಂದೇ ಇರುವ ಚಿಕ್ಕ ಸ್ಪೀಕರ್) ಇರುವ ಅಕೌಸ್ಟಿಕ್ ಆಂಪನ್ನೇ ಬೇರೆ ತೆಗೆದುಕೊಳ್ಳಿ.