ಬಾಲ್ ಉಂಟು, ಟೂರ್ನಮೆಂಟ್ ಎಲ್ಲುಂಟು?

ಪ್ರಶ್ನೆ: ನಮಸ್ಕಾರ ಸರ್, ಬೆಂಗಳೂರಲ್ಲಿ ಆರು ವರ್ಷ ಇದ್ದು ಈಗ ಕೆಲಸದ ಮೇಲೆ ಸುರತ್ಕಲ್‌ಗೆ ಬಂದಿದೀನಿ. ಅಲ್ಲಿ ಆಫೀಸ್ ಗ್ಯಾಂಗ್ ಜೊತೆ ಟೈಮ್‌ಪಾಸ್‌ಗೆ ಅಂತ ಶುರು ಮಾಡಿದ್ದು ಟೆನ್‌ಪಿನ್ ಬೌಲಿಂಗ್ (ಭಾರದ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸೋ ಆಟ), ಆಮೇಲೆ ಹುಚ್ಚು ಹತ್ಕೊಂಡು ಸ್ವಂತ ಬಾಲ್, ಶೂ ಎಲ್ಲಾ ತಗೊಂಡೆ. 14 ಪೌಂಡ್ ಬಾಲ್, ಗೇಮಿಗೆ ಆವರೇಜ್ ಸ್ಕೋರ್ 165 ಹತ್ರ ಇದೆ, ಎರಡು ಮೂರು ಹ್ಯಾಂಡಿಕ್ಯಾಪ್ (ಕಡಿಮೆ ಆವರೇಜಿನವರಿಗೆ ಹೆಚ್ಚುವರಿ ಪಿನ್ ಕೊಡೋ) ಟೂರ್ನಮೆಂಟೂ ಆಡಿದೀನಿ. ಇಲ್ಲಿ ಯಾರನ್ನ ಕೇಳಿದ್ರೂ ‘ಬೌಲಿಂಗಾ, ಫಾಸ್ಟಾ ಸ್ಪಿನ್ನಾ’ ಅಂತಾರೆ! ಮಂಗಳೂರು ಉಡುಪಿ ಕಡೆ ಸೀರಿಯಸ್ಸಾಗಿ ಆಡೋ ಟೂರ್ನಮೆಂಟ್ ಹುಡುಕೋದು ಹೇಗೆ? ಇಲ್ಲ ಅಂದ್ರೆ ಬಾಲ್ ಮಾರಿಬಿಡ್ಲಾ?
– ಓದುಗರು, ಸುರತ್ಕಲ್

ಉತ್ತರ: ಬಾಲ್ ಮಾರ್ಬೇಡಿ ಮಾರಾಯ್ರೆ. ಅದಕ್ಕೆ ತೂತು ಕೊರೆಸಿದ್ದು ನಿಮ್ಮ ಬೆರಳಿನ ಅಳತೆಗೆ, ತಗೊಂಡವರು ಅದನ್ನು ಮುಚ್ಚಿಸಿ ಮತ್ತೆ ಡ್ರಿಲ್ ಮಾಡಿಸ್ಬೇಕು, ಹಾಗಾಗಿ ಅರ್ಧ ಕ್ರಯವೂ ಹುಟ್ಟುದಿಲ್ಲ.

ಮತ್ತೆ ಫಾಸ್ಟಾ ಸ್ಪಿನ್ನಾ ಕೇಳಿದವರ ಮೇಲೆ ಬೇಜಾರೂ ಬೇಡ. ಈ ಊರಲ್ಲಿ ಟೂರ್ನಮೆಂಟ್ ಅಂದ್ರೆ ಮಳೆ ಬಿಟ್ಟ ಮೇಲೆ ಗದ್ದೆಯಲ್ಲಿ, ಶಾಲೆ ಮೈದಾನದಲ್ಲಿ ಆಗುವಂಥದ್ದು, ಜಂಕ್ಷನ್ ಜಂಕ್ಷನ್‌ಗೆ ‘ಹೊನಲು ಬೆಳಕಿನ ಪಂದ್ಯಾಟ’ ಅಂತ ಫ್ಲೆಕ್ಸ್, ಅಂಡರ್ ಆರ್ಮ್ ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ, ಜೊತೆಗೆ ಮೈಕಲ್ಲಿ ಕಮೆಂಟ್ರಿ. ನೀವು ಅದೇ ಲೆಕ್ಕದಲ್ಲಿ ಟೆನ್‌ಪಿನ್‌ನ ಫ್ಲೆಕ್ಸ್ ಹುಡುಕಿಕೊಂಡು ಹೋದ್ರೆ ವರ್ಷ ಕಳೆದ್ರೂ ಸಿಗುದಿಲ್ಲ. ನಾನು ಮಾಡಿದ ತಪ್ಪೂ ಅದೇ, ಊರಲ್ಲಿ ಟೂರ್ನಮೆಂಟ್ ಹುಡುಕಿದೆ, ಆಡುವ ಜನರನ್ನು ಹುಡುಕ್ಲಿಲ್ಲ.

ನೇರ ಹೇಳುದಾದ್ರೆ ಆಟದ ಅಭ್ಯಾಸ ಇಲ್ಲಿ ಇಟ್ಕೊಳ್ಳಿ, ಟೂರ್ನಮೆಂಟಿಗೆ ಘಟ್ಟ ಹತ್ತಿ. ನಮ್ಮ ರಾಜ್ಯದಲ್ಲಿ ಈ ಆಟ ನೋಡಿಕೊಳ್ಳುದು ಕರ್ನಾಟಕ ಸ್ಟೇಟ್ ಟೆನ್‌ಪಿನ್ ಬೌಲಿಂಗ್ ಅಸೋಸಿಯೇಷನ್, ಅದರ ಮೇಲೆ ದೇಶಕ್ಕೆ ಟೆನ್‌ಪಿನ್ ಬೌಲಿಂಗ್ ಫೆಡರೇಷನ್. ಬೆಂಗಳೂರು ಚರ್ಚ್ ಸ್ಟ್ರೀಟಿನ ಅಮೀಬಾ ಬೌಲಿಂಗ್ ಸೆಂಟರಲ್ಲಿ ರಾಜ್ಯ ಮಟ್ಟದ್ದು, ರಾಷ್ಟ್ರ ಮಟ್ಟದ್ದು ಎರಡೂ ಆಗಿವೆ, ನೀವು ಹ್ಯಾಂಡಿಕ್ಯಾಪ್ ಆಡಿದವರು ಅಂದ್ರೆ ಆ ಕಡೆಯ ಒಂದಿಬ್ಬರ ನಂಬರ್ ನಿಮ್ಮ ಫೋನಲ್ಲಿ ಇದ್ದೇ ಇರ್ತದೆ. ಅವರಿಗೊಂದು ಮೆಸೇಜ್ ಹಾಕಿ, ‘ಊರು ಬಿಟ್ಟಿದ್ದೇನೆ, ಆಟ ಬಿಟ್ಟಿಲ್ಲ, ಎಂಟ್ರಿ ಫಾರ್ಮ್ ಬಂದ್ರೆ ಕಳಿಸಿ’ ಅಂತ. ಹತ್ತು ಸಲ ಗೂಗಲ್ ಮಾಡುದಕ್ಕಿಂತ ಇದು ಬೇಗ ಆಗ್ತದೆ, ಯಾಕಂದ್ರೆ ಈ ಆಟದ ಸುದ್ದಿ ಹರಡುದೇ ಆಡುವವರ ವಾಟ್ಸಾಪಲ್ಲಿ, ಪೇಪರಿಗೆ ಬರುವಾಗ ಫೈನಲ್ ಮುಗಿದಿರ್ತದೆ.

ಫಾರ್ಮ್ ಬಂದ ಮೇಲೆ ಮೊದಲು ನೋಡ್ಬೇಕಾದ್ದು ಬಹುಮಾನದ ಮೊತ್ತ ಅಲ್ಲ. ಓಪನ್ನಾ ಹ್ಯಾಂಡಿಕ್ಯಾಪಾ ನೋಡಿ. ಓಪನ್ ಅಂದ್ರೆ ಬಿದ್ದ ಪಿನ್ನಿನ ಲೆಕ್ಕ ಅಷ್ಟೇ, 210 ಆವರೇಜಿನವರ ಎದುರು ನೀವು 165 ಹಿಡ್ಕೊಂಡು ನಿಲ್ಬೇಕು. ಹ್ಯಾಂಡಿಕ್ಯಾಪಲ್ಲಿ ಹಾಗಲ್ಲ, ಉದಾಹರಣೆಗೆ 200ನ್ನು ಬೇಸ್ ಇಟ್ಟು ವ್ಯತ್ಯಾಸದ ಶೇ. 80 ಕೊಡ್ತೇವೆ ಅಂದ್ರೆ ನಿಮ್ಮ ವ್ಯತ್ಯಾಸ 35, ಗೇಮಿಗೆ 28 ಪಿನ್ ಸಿಕ್ತದೆ, ಆರು ಗೇಮಿನ ಸುತ್ತು ಇದ್ರೆ ಒಟ್ಟು 168. ಇನ್ನೊಂದು ರೀ-ಎಂಟ್ರಿ. ಸ್ಕೋರ್ ಆಗದಿದ್ರೆ ಮತ್ತೆ ದುಡ್ಡು ಕಟ್ಟಿ ಮತ್ತೆ ಆಡ್ಬಹುದು ಅಂತ ಇರ್ತದಲ್ಲ, ಅದು ಇದ್ದಲ್ಲಿ ಕಿಸೆ ಭಾರ ಇದ್ದವರದ್ದೇ ಮೇಲುಗೈ, ದೂರದಿಂದ ಬಸ್ಸಲ್ಲಿ ಹೋಗುವ ನಮ್ಮಂಥವರು ಒಂದೇ ಎಂಟ್ರಿಯ ಟೂರ್ನಮೆಂಟ್ ಆರಿಸುದು ಒಳ್ಳೆದು ಅಂತ ನನ್ನ ಅಭಿಪ್ರಾಯ.

ಬಸ್ ಅಂದಾಗ ನೆನಪಾಯ್ತು, 14 ಪೌಂಡ್ ಅಂದ್ರೆ ಆರು ಕೆಜಿ ಚಿಲ್ಲರೆ, ಅದನ್ನು ಬ್ಯಾಗಲ್ಲಿ ಹಾಕಿ ತಲೆ ಮೇಲಿನ ರ‍್ಯಾಕಲ್ಲಿ ಇಟ್ಟು ಶಿರಾಡಿ ಘಾಟಿಯ ತಿರುವಲ್ಲಿ ನಿದ್ದೆ ಮಾಡ್ಬೇಡಿ ಆಯ್ತಾ, ಕಾಲ ಬುಡದಲ್ಲೇ ಇರ್ಲಿ. ಜುಲೈ ಆಗಸ್ಟಿನ ಟೂರ್ನಮೆಂಟಿಗೆ ಒಂದು ದಿನ ಮೊದಲೇ ಹೊರಡಿ, ಘಾಟಿಯಲ್ಲಿ ಗುಡ್ಡ ಜರಿದ್ರೆ ರಸ್ತೆಯೂ ಇಲ್ಲ ರೈಲೂ ಇಲ್ಲ.

ಇನ್ನು ಇಲ್ಲಿನ ಅಭ್ಯಾಸ. ಮಾಲ್‌ನ ಗೇಮ್ ಝೋನಿನ ಲೇನ್ (ಬಾಲ್ ಉರುಳಿಸುವ ಹಾದಿ) ಅಂದ್ರೆ ಹುಟ್ಟುಹಬ್ಬದ ಮಕ್ಕಳು, ಡಿಸ್ಕೋ ಲೈಟು, ಜೋರು ಹಾಡು. ವಾರದ ದಿನ ಮಧ್ಯಾಹ್ನದೊಳಗೆ ಹೋಗಿ. ಎರಡು ಗೇಮ್ ಆಡಿ ವಾಪಸ್ ಬಂದ ಬಾಲನ್ನು ನೋಡಿ, ಆಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿ. ಬಾಲಿನ ಸುತ್ತ ಬಳೆ ಬಳೆಯಾಗಿ ಎಣ್ಣೆಯ ಗೆರೆ ಇದ್ರೆ ಲೇನಿಗೆ ಆಟಕ್ಕೆ ಬೇಕಾದ ಆಯಿಲ್ ಹಾಕಿದ್ದಾರೆ ಅಂತ ಅರ್ಥ. ಬಟ್ಟೆಗೆ ಬರೀ ಧೂಳು ಬಂದ್ರೆ ಲೇನ್ ಒಣಗಿದೆ, ಅಲ್ಲಿ ನಿಮ್ಮ ಬಾಲ್ ಅರ್ಧ ದಾರಿಯಲ್ಲೇ ತಿರುಗಿ ಲೇನಿನ ಬದಿಯ ಗಟರಿಗೆ ಹೋಗ್ತದೆ, ನೀವು ನಾನು ಬಾಲ್ ಬಿಡುವ ರೀತಿಯೇ ಹಾಳಾಯ್ತು ಅಂತ ತಲೆ ಕೆಡಿಸಿಕೊಳ್ತೀರಿ. ಅಂಥ ಲೇನಲ್ಲಿ ಹುಕ್ (ಬಾಲ್ ತಿರುಗುವ ಹಾಗೆ ಎಸೆಯುದು) ಬಿಟ್ಟು ಅಲ್ಲಿಯದೇ ಪ್ಲಾಸ್ಟಿಕ್ ಬಾಲಲ್ಲಿ ಸ್ಪೇರ್ (ಮೊದಲ ಎಸೆತಕ್ಕೆ ಉಳಿದ ಪಿನ್ ಬೀಳಿಸುದು) ಮಾತ್ರ ಆಡಿ, ಬಲಮೂಲೆಯ ಹತ್ತನೇ ಪಿನ್ನಿಗೆ ಸೀದಾ, ಎಡಮೂಲೆಯ ಏಳನೇದಕ್ಕೆ ಸೀದಾ, ದಿನಕ್ಕೆ ಐವತ್ತು ಸಲ. 165ರವರು 180 ಆಗುದು ಒಂದೇ ಎಸೆತಕ್ಕೆ ಹತ್ತೂ ಬೀಳಿಸುವ ಸ್ಟ್ರೈಕಿಂದ ಅಲ್ಲ, ಬಿಟ್ಟ ಒಂದೊಂದು ಪಿನ್ನನ್ನು ಬೀಳಿಸುದ್ರಿಂದ.

ಪಿನ್ನಿನ ತಲೆಗೆ ಹಗ್ಗ ಕಟ್ಟಿದೆಯಾ ಅಂತಲೂ ಬಗ್ಗಿ ನೋಡಿ. ಯಂತ್ರ ಹಗ್ಗದಲ್ಲಿ ಎಳೆದು ನಿಲ್ಲಿಸುವ ಆ ಪಿನ್ ಬೀಳುವ ರೀತಿಯೇ ಬೇರೆ, ಅಮೆರಿಕದ ಬೌಲಿಂಗ್ ಸಂಸ್ಥೆ 2023ರಲ್ಲಿ ಅದನ್ನು ಪ್ರತ್ಯೇಕ ವಿಭಾಗವೇ ಮಾಡಿತು. ಅಲ್ಲಿ ಬಂದ ಸ್ಕೋರನ್ನು ನಿಮ್ಮ ಹಳೇ ಆವರೇಜಿಗೆ ಸೇರಿಸ್ಬೇಡಿ.

ಮಳೆಗಾಲದಲ್ಲಿ ಶೂ ಜಾಗ್ರತೆ. ನಾನೊಮ್ಮೆ ಜುಲೈಯಲ್ಲಿ ಬೌಲಿಂಗ್ ಶೂ ಹಾಕಿಕೊಂಡೇ ಬಾತ್‌ರೂಮಿಗೆ ಹೋಗಿ ಬಂದೆ, ಎಡಗಾಲಿನ ಅಡಿಗೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ ಆಗಿತ್ತು ಅಷ್ಟೇ, ಜಾರ್ಬೇಕಾದ ಕಾಲು ಲೇನ್ ಶುರುವಾಗುವ ಫೌಲ್ ಲೈನ್ ಹತ್ರ ಗಮ್ ಹಾಕಿದ ಹಾಗೆ ನಿಂತಿತು, ಮೈ ಮಾತ್ರ ಮುಂದೆ ಹೋಯ್ತು. ಬಾಲ್ ಪಕ್ಕದ ಲೇನಿಗೆ, ನಾನು ನೆಲಕ್ಕೆ. ಪಕ್ಕದಲ್ಲಿ ಬರ್ತ್‌ಡೇ ಪಾರ್ಟಿಯ ಮಕ್ಕಳು ಚಪ್ಪಾಳೆ ಹೊಡೆದ್ರು. ಮೊಣಕಾಲು ಮೂರು ವಾರ ನೋವಿತ್ತು.

ಕೊನೆಗೆ ಒಂದು ಕೆಲಸ ಹೇಳ್ತೇನೆ, ಕಷ್ಟದ್ದು, ಆದ್ರೆ ಮಾಡ್ಲೇಬೇಕಾದ್ದು. ಲೇನಲ್ಲಿ ಸ್ವಂತ ಶೂ ತಂದವರು, ಬಿಡುವ ಕೈಯಲ್ಲಿ ರಿಸ್ಟ್ ಬ್ಯಾಂಡ್ ಕಟ್ಟಿದವರು ಕಂಡ್ರೆ ಹೋಗಿ ಮಾತಾಡಿಸಿ. ಎಂಟು ಜನ ಆದ್ರೆ ಸಾಕು, ಮ್ಯಾನೇಜರ್ ಹತ್ರ ಹೋಗಿ ‘ಪ್ರತಿ ಮಂಗಳವಾರ ಎರಡು ಲೇನ್, ತಲಾ ಮೂರು ಗೇಮ್, ಹತ್ತು ವಾರ ಗ್ಯಾರಂಟಿ ಬರ್ತೇವೆ, ರೇಟ್ ಎಷ್ಟು ಮಾಡಿ ಕೊಡ್ತೀರಿ’ ಅಂತ ಕೇಳಿ. ಖಾಲಿ ಬಿದ್ದ ಲೇನಿಗೆ ಗಿರಾಕಿ ಬಂದ್ರೆ ಯಾರೂ ಬೇಡ ಅನ್ನುದಿಲ್ಲ. ಸ್ಕೋರ್ ಒಂದು ಪುಸ್ತಕದಲ್ಲಿ ಬರೆದಿಡಿ, ಹ್ಯಾಂಡಿಕ್ಯಾಪ್ ಹಾಕಿ, ಹತ್ತನೇ ವಾರ ಫೈನಲ್. ಬೇಕಿದ್ರೆ ಒಂದು ಫ್ಲೆಕ್ಸೂ ಹಾಕಿಸಿ ಮಾರಾಯ್ರೆ, ‘ಹೊನಲು ಬೆಳಕಿನ’ ಅಂತ, ಹೇಗೂ ಒಳಗೆ ಲೈಟು ಉಂಟಲ್ಲ.

ಪ್ರಶ್ನೆ: ಮಗಳಿಗೆ 12 ವರ್ಷ, ಬೆಂಗಳೂರಿಗೆ ಅಣ್ಣನ ಮನೆಗೆ ಹೋದಾಗೆಲ್ಲ ಬೌಲಿಂಗ್‌ಗೆ ಕರ್ಕೊಂಡು ಹೋಗಿ ಅಂತ ಹಟ. ಆಡಿ ಬಂದ ರಾತ್ರಿ ಮಣಿಗಂಟು ನೋವು ಅಂತಾಳೆ. ಬಿಡಿಸ್ಬೇಕಾ?
– ಓದುಗರು, ಉಡುಪಿ

ಉತ್ತರ: ಬಿಡಿಸ್ಬೇಡಿ ಅಕ್ಕಾ, ಬಾಲ್ ಬದಲಿಸಿ. ಹೆಚ್ಚಿನ ಮಕ್ಕಳು ಬಣ್ಣ ನೋಡಿ ಬಾಲ್ ಆರಿಸ್ತಾರೆ. ಮೈತೂಕದ ಹತ್ತರಲ್ಲಿ ಒಂದು ಭಾಗ ಅಂತ ಒಂದು ಅಂದಾಜು ಲೆಕ್ಕ ಉಂಟು, 36 ಕೆಜಿ ಇದ್ರೆ ಎಂಟು ಪೌಂಡ್ ಸಾಕು. ತೂಕಕ್ಕಿಂತ ಹೆಬ್ಬೆರಳಿನ ತೂತು ಮುಖ್ಯ. ಅದು ದೊಡ್ಡದಿದ್ರೆ ಬಾಲ್ ಬೀಳ್ತದೆ ಅಂತ ಮಗು ಗಟ್ಟಿ ಹಿಂಡ್ತದೆ, ಆಗಲೇ ಮಣಿಗಂಟಿಗೆ ಪೆಟ್ಟು. ಬೆರಳು ಪೂರ್ತಿ ಒಳಗೆ ಹೋಗಿ, ಎಳೆದಾಗ ಚೂರು ತಾಗಿಕೊಂಡು ಸಲೀಸಾಗಿ ಹೊರಗೆ ಬರ್ಬೇಕು. ಒಂದು ದಿನಕ್ಕೆ ಎರಡು ಗೇಮ್ ಸಾಕು. ಇಷ್ಟು ಮಾಡಿದ ಮೇಲೂ ನೋವು ಹೋಗದಿದ್ರೆ ಡಾಕ್ಟ್ರಿಗೆ ತೋರಿಸಿ.