ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿತ್ರ ಕೆಡದಂತೆ, ಒತ್ತಕ್ಷರ ಒಡೆಯದಂತೆ

ಪ್ರಶ್ನೆ: ನಾನು ಗೃಹಿಣಿ. ನಮ್ಮ ಮಹಿಳಾ ಮಂಡಳಿಯ ಆಹ್ವಾನ ಪತ್ರಿಕೆ, ಪೋಸ್ಟರುಗಳನ್ನು ನಾನೇ ಸಿದ್ಧಪಡಿಸಬೇಕೆಂಬ ಆಸೆ ಇದೆ. ಮನೆಯಲ್ಲಿ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇದೆ. ಇದಕ್ಕಾಗಿ ಹಣ ಕೊಟ್ಟು ಫೋಟೋಶಾಪ್ ಪಡೆಯಲೇಬೇಕೇ? ಕಲಿಕೆಯನ್ನು ಎಲ್ಲಿಂದ ಆರಂಭಿಸಲಿ?
– ಓದುಗರು, ಸಾಗರ

ಉತ್ತರ: ಪಡೆಯಬೇಕಾಗಿಲ್ಲ. ಚಿತ್ರಗಳನ್ನು ತಿದ್ದಲು ಗಿಂಪ್, ಅಕ್ಷರ ಮತ್ತು ರೇಖೆಗಳ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಎಂಬ ಎರಡು ತಂತ್ರಾಂಶಗಳು ಸಂಪೂರ್ಣ ಉಚಿತವಾಗಿ ಸಿಗುತ್ತವೆ. ಗಿಂಪ್ ಅನ್ನು 1995ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದರು. ಅಂದಿನಿಂದಲೂ ಸ್ವಯಂಸೇವಕರು ಅದನ್ನು ಬೆಳೆಸುತ್ತಾ ಬಂದಿದ್ದು, 2025ರ ಮಾರ್ಚ್‌ನಲ್ಲಿ ಮೂರನೆಯ ಆವೃತ್ತಿ ಹೊರಬಂದಿದೆ. ಎರಡೂ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ ಎಂಬುದು ನಮ್ಮ ಮಟ್ಟಿಗೆ ದೊಡ್ಡ ಅನುಕೂಲ.

ಎರಡು ತಂತ್ರಾಂಶಗಳು ಏಕೆ ಬೇಕು ಎಂದು ನೀವು ಕೇಳಬಹುದು. ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ತಿಳಿಸುವುದು ಸುಲಭ. ಚುಕ್ಕಿಗಳ ಎಣಿಕೆ ಮತ್ತು ಗೆರೆ ಸಾಗುವ ದಾರಿ ಗೊತ್ತಿದ್ದರೆ ಅದೇ ರಂಗೋಲಿಯನ್ನು ಹೊಸ್ತಿಲ ಮುಂದೆಯೂ ಹಾಕಬಹುದು, ಚುಕ್ಕಿಗಳ ನಡುವಿನ ಅಂತರ ಹೆಚ್ಚಿಸಿ ದೇವಸ್ಥಾನದ ಅಂಗಳದ ತುಂಬವೂ ಹಾಕಬಹುದು. ಗೆರೆ ಎಲ್ಲಿಯೂ ಒಡೆಯುವುದಿಲ್ಲ. ಇಂಕ್‌ಸ್ಕೇಪ್‌ನ ಚಿತ್ರ ಈ ಬಗೆಯದು. ಹೂವಿನ ರಂಗೋಲಿ ಹಾಗಲ್ಲ. ಒಂದು ಬುಟ್ಟಿ ಎಸಳಿನಲ್ಲಿ ತುಂಬಿದ ಹೂವಿನ ರಂಗೋಲಿಯನ್ನು ಎರಡು ಪಟ್ಟು ಅಗಲಕ್ಕೆ ಹರಡಿದರೆ ನಡುವೆ ನೆಲ ಕಾಣಿಸತೊಡಗುತ್ತದೆ. ಛಾಯಾಚಿತ್ರವೆಂದರೆ ಹೀಗೆ ಎಣಿಸಿಟ್ಟ ಎಸಳುಗಳು. ಆ ಒಂದೊಂದು ಎಸಳನ್ನು ಪಿಕ್ಸೆಲ್ ಎನ್ನುತ್ತಾರೆ. ಗಿಂಪ್ ಮತ್ತು ಫೋಟೋಶಾಪ್ ಕೆಲಸ ಮಾಡುವುದು ಇವುಗಳ ಮೇಲೆ.

ಮೊದಲ ತಿಂಗಳು ಲೇಯರ್ ಮತ್ತು ಮಾಸ್ಕ್ ಎಂಬ ಎರಡನ್ನು ಮಾತ್ರ ಕಲಿಯಿರಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಂತಹ ಪದರಗಳು: ಹಿನ್ನೆಲೆ ಒಂದರಲ್ಲಿ, ಅತಿಥಿಯ ಭಾವಚಿತ್ರ ಇನ್ನೊಂದರಲ್ಲಿ, ಶೀರ್ಷಿಕೆ ಮತ್ತೊಂದರಲ್ಲಿ ಇರಲಿ. ಭಾವಚಿತ್ರದ ಸುತ್ತಲಿನ ಗೋಡೆಯನ್ನು ತೆಗೆಯಬೇಕಾದಾಗ ಹೊಸಬರು ತಕ್ಷಣ ಎರೇಸರ್ ಹಿಡಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒರೆಸಿದ ಭಾಗವನ್ನು ಕಡತ ಮುಚ್ಚಿದ ಮೇಲೆ ಮರಳಿ ತರಲಾಗುವುದಿಲ್ಲ. ಅದೇ ಪದರಕ್ಕೆ ಮಾಸ್ಕ್ ಸೇರಿಸಿ ಕಪ್ಪು ಬಣ್ಣದ ಕುಂಚ ಆಡಿಸಿದರೆ ಆ ಭಾಗ ಮರೆಯಾಗುತ್ತದೆ, ಬಿಳಿ ಆಡಿಸಿದರೆ ಮರಳಿ ಕಾಣಿಸುತ್ತದೆ. ಕಿವಿಯ ಅಂಚು ತಪ್ಪಿ ಕತ್ತರಿಸಿಹೋಗಿದೆ ಎಂದು ಮೂರು ದಿನದ ನಂತರ ಗಮನಕ್ಕೆ ಬಂದರೂ ಸರಿಪಡಿಸಬಹುದು. ನಾನು ಕಲಿಸಿದ ಹಲವರಲ್ಲಿ ಮಾಸ್ಕ್ ಅರ್ಥವಾದ ದಿನದಿಂದಲೇ ಕೈಗೆ ಧೈರ್ಯ ಬಂದದ್ದನ್ನು ಕಂಡಿದ್ದೇನೆ. ಫಿಲ್ಟರುಗಳು, ಹೊಳಪು, ನೆರಳುಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕ. ಶಾಲಾ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯ ವಿಷಯವನ್ನು ಟೈಪ್ ಮಾಡಿ ಫೋಟೋಶಾಪ್‌ಗೆ ತಂದರೆ ಕೆಲವೊಮ್ಮೆ ಒತ್ತಕ್ಷರಗಳು ಒಡೆದುಹೋಗುತ್ತವೆ, ಕೆಲವೊಮ್ಮೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಕಾರಣವೇನು?
– ಓದುಗರು, ಗದಗ

ಉತ್ತರ: ನೀವು ಹೇಳಿರುವುದು ಒಂದು ತೊಂದರೆಯಲ್ಲ, ಎರಡು.

ಇಂಗ್ಲಿಷ್ ಅಕ್ಷರಗಳು ಕಾಣುವುದಕ್ಕೆ ಕಾರಣ ಹಳೆಯ ಫಾಂಟ್ ಪದ್ಧತಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯೂ, ಅದೇ ಕಾಲದ ಇತರ ತಂತ್ರಾಂಶಗಳೂ ಮೊದಲು ಬಳಸುತ್ತಿದ್ದ ಫಾಂಟುಗಳಲ್ಲಿ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ಬಿಡಿ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಕಾಲದ ಕಂಪ್ಯೂಟರುಗಳಲ್ಲಿ ಕನ್ನಡ ಮೂಡಿಸಲು ಅದೇ ದಾರಿಯಾಗಿತ್ತು. ಡಿಟಿಪಿ ಅಂಗಡಿಗಳು ಅದರ ಬಲದಿಂದಲೇ ವರ್ಷಾನುಗಟ್ಟಲೆ ನಡೆದವು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದ ಕೂಡಲೇ ಒಳಗಿನ ಇಂಗ್ಲಿಷ್ ಅಕ್ಷರಗಳು ಹೊರಗೆ ಕಾಣುತ್ತವೆ. ಇದಕ್ಕೆ ಪರಿಹಾರ, ಪಠ್ಯವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ, ಅಂದರೆ ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸ್ಥಾನ ಕೊಟ್ಟಿರುವ ಸಂಕೇತ ಪದ್ಧತಿಗೆ, ಬದಲಿಸಿಕೊಳ್ಳುವುದು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ಓದಿ ನೋಡಿ. ತಪ್ಪುಗಳು ಹೆಚ್ಚಾಗಿ ಅಲ್ಲಿಯೇ ಅಡಗಿರುತ್ತವೆ. ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ಯೂನಿಕೋಡ್ ಅನ್ನು ಅರಿಯದು. ನಿಮ್ಮ ಊರಿನ ಪ್ರೆಸ್ ಇನ್ನೂ ಅದನ್ನೇ ಬಳಸುತ್ತಿದ್ದರೆ ಅವರಿಗೆ ಪಠ್ಯವನ್ನಲ್ಲ, ಸಿದ್ಧವಾದ ಪಿಡಿಎಫ್ ಕೊಡಿ.

ಒತ್ತಕ್ಷರ ಒಡೆಯುವುದು ಬೇರೆ ಸಂಗತಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ. ಅದರಲ್ಲಿ ಒತ್ತುಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ನೀವು 'ಸ್ವಾ' ಎಂದು ಟೈಪ್ ಮಾಡಿದಾಗ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಸಕಾರ, ಹಲಂತ, ವಕಾರ, ದೀರ್ಘದ ಗುರುತು ಎಂಬ ನಾಲ್ಕು ಸಂಕೇತಗಳನ್ನು. ಇವನ್ನು ಕೂಡಿಸಿ, ವಕಾರವನ್ನು ಕೆಳಗಿಳಿಸಿ ಒಂದೇ ಅಕ್ಷರವಾಗಿ ತೋರಿಸಬೇಕಾದದ್ದು ತಂತ್ರಾಂಶದ ಕೆಲಸ. ಫೋಟೋಶಾಪ್ ಇಂಗ್ಲಿಷಿನಂತಹ ಭಾಷೆಗಳಿಗಷ್ಟೇ ಹೊಂದಿಕೊಂಡಿದ್ದರೆ ಈ ಜೋಡಣೆ ನಡೆಯುವುದಿಲ್ಲ. ಕೆಲವು ವರ್ಷ ಹಿಂದಿನ ಆವೃತ್ತಿಗಳಲ್ಲಿ ಎಡಿಟ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಟೈಪ್ ವಿಭಾಗದಲ್ಲಿ 'ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಎಂಬುದನ್ನು ಆರಿಸಬೇಕು. ಹೊಸ ಆವೃತ್ತಿಗಳಲ್ಲಿ 'ವರ್ಲ್ಡ್ ರೆಡಿ ಲೇಔಟ್' ಎಂಬ ಆಯ್ಕೆಯನ್ನು ನೋಡಿ. ಆಮೇಲೆ ಫೋಟೋಶಾಪ್ ಮುಚ್ಚಿ ತೆರೆದು, ಹೊಸ ಕಡತದಲ್ಲಿ ಪಠ್ಯವನ್ನು ಮತ್ತೆ ಹಾಕಿ.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಲಗ್ನಪತ್ರಿಕೆಯನ್ನು ನನ್ನ ಪರದೆಯ ಮೇಲೆ ಮಾತ್ರ ನೋಡಿ, ಕಾಗದದ ಪ್ರೂಫ್ ತೆಗೆಯದೆ ಮುದ್ರಣಕ್ಕೆ ಕಳುಹಿಸಿದ್ದೆ. ಮುದ್ರಿಸಿದವರ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ, ವರನ ತಂದೆಯ ಹೆಸರು 'ವಿಶ್ವನಾಥ' ಎಂದಿರಬೇಕಾದದ್ದು 'ವಿಶ್‌ವನಾಥ' ಎಂದು ಅಚ್ಚಾಗಿ ಬಂತು. ಕಟ್ಟು ಬಿಚ್ಚಿ ಮೊದಲ ಪತ್ರಿಕೆಯನ್ನು ಕೈಗೆ ತೆಗೆದುಕೊಂಡ ಆ ಹಿರಿಯರು ಏನೂ ಮಾತನಾಡದೆ ತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತಾ ನಿಂತಿದ್ದರು. ಅಷ್ಟನ್ನೂ ಮರುಮುದ್ರಿಸಿಕೊಟ್ಟೆವು. ಅಂದಿನಿಂದ ಹೆಸರು, ದಿನಾಂಕ, ಸ್ಥಳ ಈ ಮೂರನ್ನು ಕಾಗದದ ಮೇಲೆ ಓದದೆ ಯಾವ ಕೆಲಸವನ್ನೂ ಮುದ್ರಣಕ್ಕೆ ಬಿಟ್ಟಿಲ್ಲ.

ಅಕ್ಷರಗಳ ಬಗ್ಗೆ ಇನ್ನೂ ಕೆಲವು ಮಾತುಗಳನ್ನು ಹೇಳಬೇಕು. ಸಾಲುಗಳ ನಡುವಿನ ಅಂತರವನ್ನು ತಂತ್ರಾಂಶವು ಇಂಗ್ಲಿಷಿಗೆ ತಕ್ಕಂತೆ ಸಾಮಾನ್ಯವಾಗಿ ಅಕ್ಷರದ ಅಳತೆಯ 120 ಶೇಕಡಾದಷ್ಟು ಇಟ್ಟಿರುತ್ತದೆ. ಕನ್ನಡಕ್ಕೆ ಅದು ಸಾಲದು. 'ರಾಷ್ಟ್ರ', 'ಶಾಸ್ತ್ರ' ಮುಂತಾದ ಪದಗಳಲ್ಲಿ ಒತ್ತಿನೊಡನೆ ಇನ್ನೊಂದು ಒತ್ತು ಸೇರಿ ಕೆಳಕ್ಕೆ ಇಳಿಯುವುದರಿಂದ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 150 ಶೇಕಡಾದಿಂದ ಆರಂಭಿಸಿ ಕಣ್ಣಿಗೆ ಹಿತವಾಗುವವರೆಗೆ ಹೊಂದಿಸಿಕೊಳ್ಳುತ್ತೇನೆ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಹಿಗ್ಗಿಸಬೇಡಿ. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಅದು ಚೆಂದ ಕಾಣುತ್ತದೆ, ಕನ್ನಡದಲ್ಲಿ ಒತ್ತು ತನ್ನ ಅಕ್ಷರದಿಂದ ದೂರ ಸರಿದು ಓದುವವರಿಗೆ ತೊಡಕಾಗುತ್ತದೆ. ಶಾಲೆಯ ಪತ್ರಿಕೆಯಲ್ಲಿ ಬಂದೇ ಬರುವ 'ರ‍್ಯಾಂಕ್' ಎಂಬ ಪದದಲ್ಲಿ ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇರಬೇಕು. ನಕಲು ಮಾಡಿ ಅಂಟಿಸುವಾಗ ಅದು ಬಿದ್ದುಹೋದರೆ 'ರ್ಯಾಂಕ್' ಎಂದು ಅರ್ಕಾವತ್ತಿನ ರೂಪ ಬರುತ್ತದೆ. ಫಾಂಟುಗಳ ವಿಷಯದಲ್ಲಿ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿವೆ, ಯೂನಿಕೋಡ್‌ನಲ್ಲಿವೆ. ದೀರ್ಘ ಪಠ್ಯಕ್ಕೆ ತಿರೋ, ದಪ್ಪ ಶೀರ್ಷಿಕೆಗೆ ಬಲೂ ನನಗೆ ಒಪ್ಪುತ್ತವೆ. ಒಂದು ಪತ್ರಿಕೆಗೆ ಎರಡು ಫಾಂಟುಗಳು ಧಾರಾಳವಾಗಿ ಸಾಕು.

ಪ್ರಶ್ನೆ: ನಮ್ಮ ಅಜ್ಜನದ್ದು ಒಂದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ಇದೆ, ಮಾಸಿದೆ, ಒಂದು ಮೂಲೆಯಲ್ಲಿ ಗೀರು ಬಿದ್ದಿದೆ. ಅದನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಬೇಕು. ಮೊಬೈಲಿನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಸ್ಟುಡಿಯೋಗೆ ಕಳುಹಿಸಿದರೆ ಮಸುಕಾಗಿ ಬಂತು.
– ಓದುಗರು, ಪುತ್ತೂರು

ಉತ್ತರ: ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದ ಚಿತ್ರ ದಾರಿಯಲ್ಲೇ ಕುಗ್ಗುತ್ತದೆ, ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಆದರೆ ನಿಮ್ಮ ಕೆಲಸ ಆರಂಭವಾಗಬೇಕಾದದ್ದು ಸ್ಕ್ಯಾನರ್‌ನಿಂದ. 3.5 ಸೆಂಟಿಮೀಟರ್ ಅಗಲ, 4.5 ಸೆಂಟಿಮೀಟರ್ ಎತ್ತರದ ಫೋಟೋವನ್ನು ಅಂಗುಲಕ್ಕೆ 1200 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 1650 ಪಿಕ್ಸೆಲ್ ಅಗಲ, 2125 ಪಿಕ್ಸೆಲ್ ಎತ್ತರದ ಚಿತ್ರ ಸಿಗುತ್ತದೆ. ಅಂಗುಲಕ್ಕೆ 300ರ ಲೆಕ್ಕದಲ್ಲಿ ಮುದ್ರಿಸಿದರೆ ಅದು ಐದೂವರೆ ಅಂಗುಲ ಅಗಲಕ್ಕೆ ಬರುತ್ತದೆ; ಗೋಡೆಯ ಮೇಲೆ ದೂರದಿಂದ ನೋಡುವ ಚಿತ್ರವಾದ್ದರಿಂದ 200ರ ಲೆಕ್ಕ ಹಿಡಿದರೂ ನಡೆಯುತ್ತದೆ, ಆಗ ಎಂಟು ಅಂಗುಲ ದಾಟುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಆಸೆಪಡಬೇಡಿ, ಏಕೆಂದರೆ ಮೂಲ ಕಾಗದದಲ್ಲಿ ಇಲ್ಲದ ವಿವರವನ್ನು ಸ್ಕ್ಯಾನರ್ ತಂದುಕೊಡಲಾರದು.

ಸ್ಕ್ಯಾನ್ ಮಾಡಿದ ಕಡತವನ್ನು ಮುಟ್ಟದೆ ಇಟ್ಟು, ಅದರ ಒಂದು ನಕಲನ್ನು ಗಿಂಪ್‌ನಲ್ಲಿ ತೆರೆಯಿರಿ. ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ಎಂಬುದನ್ನು ಒತ್ತಿದರೆ ಗುಡ್ಡದಂತಹ ಒಂದು ನಕ್ಷೆ ಕಾಣುತ್ತದೆ. ಮಾಸಿದ ಫೋಟೋದಲ್ಲಿ ಆ ಗುಡ್ಡ ಎರಡೂ ಬದಿಯಲ್ಲಿ ಖಾಲಿ ಬಿಟ್ಟು ನಡುವೆ ಮುದುಡಿಕೊಂಡಿರುತ್ತದೆ, ಅಂದರೆ ಚಿತ್ರದಲ್ಲಿ ನಿಜವಾದ ಕಪ್ಪೂ ಇಲ್ಲ, ನಿಜವಾದ ಬಿಳಿಯೂ ಇಲ್ಲ. ಕೆಳಗಿರುವ ಕಪ್ಪು ತ್ರಿಕೋನವನ್ನು ಗುಡ್ಡದ ಎಡ ಬುಡಕ್ಕೆ, ಬಿಳಿ ತ್ರಿಕೋನವನ್ನು ಬಲ ಬುಡಕ್ಕೆ ಎಳೆದು ತನ್ನಿ. ಕೋಟಿನ ಮಡಿಕೆ, ಮೀಸೆಯ ಅಂಚು, ಕಣ್ಣಿನೊಳಗಿನ ಬೆಳಕು ಒಂದೊಂದಾಗಿ ಮೇಲೆದ್ದು ಬರುವುದನ್ನು ಕಾಣುವಿರಿ. ಗೀರಿಗೆ ಹೀಲ್ ಎಂಬ ಸಾಧನವಿದೆ: ಹೊಸ ಖಾಲಿ ಪದರ ಸೇರಿಸಿ, 'ಸ್ಯಾಂಪಲ್ ಮರ್ಜ್ಡ್' ಗುರುತು ಹಾಕಿಕೊಂಡು, ಕಂಟ್ರೋಲ್ ಒತ್ತಿ ಗೀರಿನ ಪಕ್ಕದ ಒಳ್ಳೆಯ ಜಾಗವನ್ನು ಆರಿಸಿ, ನಂತರ ಗೀರಿನ ಮೇಲೆ ಸಣ್ಣ ಸಣ್ಣದಾಗಿ ಒತ್ತುತ್ತಾ ಹೋಗಿ. ಒಂದೇ ಸಲ ಉದ್ದಕ್ಕೆ ಎಳೆದರೆ ತೇಪೆ ಹಾಕಿದಂತೆ ಕಾಣುತ್ತದೆ.

ಇಂದು ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇಂತಹ ಫೋಟೋವನ್ನು ಕ್ಷಣಮಾತ್ರದಲ್ಲಿ ತೀಕ್ಷ್ಣಗೊಳಿಸಿಕೊಡುತ್ತವೆ. ಹಿನ್ನೆಲೆಗೆ, ಬಟ್ಟೆಗೆ ಬೇಕಾದರೆ ಬಳಸಿ. ಮುಖಕ್ಕೆ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ. ಅವು ಅಸ್ಪಷ್ಟವಾಗಿರುವುದನ್ನು ಸ್ಪಷ್ಟಗೊಳಿಸುತ್ತಿಲ್ಲ, ಹೀಗಿರಬಹುದೆಂದು ಊಹಿಸಿ ಹೊಸದಾಗಿ ಬರೆಯುತ್ತವೆ. ರೆಪ್ಪೆಯ ಇಳಿತ, ಕೆನ್ನೆಯ ಮಚ್ಚೆ, ತುಟಿಯ ಓರೆ ಬದಲಾಗಿಬಿಡುತ್ತದೆ. ಅಜ್ಜನನ್ನು ಕಣ್ಣಾರೆ ಕಂಡವರು ಮನೆಯಲ್ಲಿದ್ದರೆ, ಮುದ್ರಣಕ್ಕೆ ಮೊದಲು ಚಿತ್ರವನ್ನು ಅವರಿಗೊಮ್ಮೆ ತೋರಿಸಿ.

ಪ್ರಶ್ನೆ: ಪರದೆಯಲ್ಲಿ ಹೊಳೆಯುವ ಗಿಳಿಹಸಿರು, ನೀಲಿ ಬಣ್ಣಗಳು ಮುದ್ರಣದಲ್ಲಿ ಮಂಕಾಗುವುದೇಕೆ? ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುವುದನ್ನು ತಪ್ಪಿಸುವುದು ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸುತ್ತದೆ, ಮುದ್ರಣ ಯಂತ್ರ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳನ್ನು ಬೆರೆಸುತ್ತದೆ. ಬೆಳಕಿನ ಹೊಳಪು ಶಾಯಿಗೆ ಬಾರದು. ಅಂತಹ ಬಣ್ಣಗಳನ್ನು ಮೊದಲೇ ತುಸು ತಗ್ಗಿಸಿ ಆರಿಸಿಕೊಳ್ಳಿ, ಸಣ್ಣ ಅಕ್ಷರಗಳನ್ನು ಕಪ್ಪು ಒಂದರಲ್ಲೇ ಇರಿಸಿ. ಬಿಳಿ ಗೆರೆ ಬರದಿರಲು ಹಿನ್ನೆಲೆಯ ಬಣ್ಣವನ್ನು ಕತ್ತರಿಸುವ ಗಡಿಯಿಂದ ನಾಲ್ಕೂ ಕಡೆ 3 ಮಿಲಿಮೀಟರ್ ಆಚೆಗೆ ಚಾಚಿ, ಅಕ್ಷರಗಳನ್ನು ಅಷ್ಟೇ ಅಂತರ ಒಳಗೆ ಇಡಿ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಕಳೆದ ವರ್ಷದ ರಾಜ್ಯೋತ್ಸವ ಪೋಸ್ಟರಿನ ಕಡತ ನನ್ನ ಬಳಿ ಇದೆ. ಈ ವರ್ಷಕ್ಕೆ ದಿನಾಂಕ ಬದಲಿಸೋಣವೆಂದರೆ ಅಕ್ಷರಗಳ ಮೇಲೆ ಕರ್ಸರ್ ನಿಲ್ಲುತ್ತಿಲ್ಲ.
– ಓದುಗರು, ಮೆಲ್ಬರ್ನ್

ಉತ್ತರ: ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ರೂಪ ಕೆಡದಿರಲೆಂದು ಅದನ್ನು ಮಾಡಿಕೊಟ್ಟವರು ಅಕ್ಷರಗಳನ್ನು ಕರ್ವ್‌ಗೆ ಬದಲಿಸಿರಬೇಕು. ಮುದ್ರಣಕ್ಕೆ ಅದು ಸರಿಯಾದ ಕ್ರಮವೇ. ಆದರೆ ಬದಲಿಸಿದ ಮೇಲೆ ಅವು ಅಕ್ಷರದ ಆಕಾರದ ಚಿತ್ರಗಳು ಮಾತ್ರ. ಅವನ್ನು ಮರಳಿ ಕನ್ನಡ ಅಕ್ಷರವಾಗಿಸುವುದು ಸುಲಭವಲ್ಲ. ಮೊದಲು ಮಾಡಿಕೊಟ್ಟವರನ್ನು ಕರ್ವ್‌ಗೆ ಮುಂಚಿನ ಪ್ರತಿ ಇದೆಯೇ ಎಂದು ಕೇಳಿ. ಇಲ್ಲವಾದರೆ ದಿನಾಂಕದ ಆಕಾರಗಳನ್ನು ಆರಿಸಿ ಅಳಿಸಿ, ಅದೇ ಜಾಗದಲ್ಲಿ ಯೂನಿಕೋಡ್ ಫಾಂಟ್ ಬಳಸಿ ಹೊಸದಾಗಿ ಟೈಪ್ ಮಾಡಿ. ಹಳೆಯ ಫಾಂಟ್ ಯಾವುದೆಂದು ತಿಳಿಯದಿದ್ದರೆ ದಿನಾಂಕ ಮತ್ತು ಸ್ಥಳದ ಸಾಲುಗಳೆರಡನ್ನೂ ಒಂದೇ ಹೊಸ ಫಾಂಟಿನಲ್ಲಿ ಬರೆಯಿರಿ, ಆಗ ಬದಲಾವಣೆ ತೇಪೆಯಂತೆ ಕಾಣದು. ಈ ಸಲ ಕೆಲಸ ಮುಗಿದಾಗ ಎರಡು ಕಡತಗಳನ್ನು ಉಳಿಸಿ: 'ರಾಜ್ಯೋತ್ಸವ ತಿದ್ದಲು' ಎಂಬುದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರಲಿ, 'ರಾಜ್ಯೋತ್ಸವ ಮುದ್ರಣಕ್ಕೆ' ಎಂಬುದನ್ನು ಕರ್ವ್ ಮಾಡಿ. ಬಳಸಿದ ಫಾಂಟುಗಳನ್ನೂ ಮೂಲ ಫೋಟೋಗಳನ್ನೂ ಅದೇ ಫೋಲ್ಡರಿನಲ್ಲಿ ಇಟ್ಟು, ಸಂಘದ ಮುಂದಿನ ಕಾರ್ಯದರ್ಶಿಗೆ ಇಡೀ ಫೋಲ್ಡರನ್ನೇ ಒಪ್ಪಿಸಿ.